ಬ್ರ್ಯಾಂಡಿನ ಬ್ಯಾಗು ನೋಡಿ ಕ್ರೋಶಾ ಹೆಣೆಯುವವರಿಗೆ: ಏನನ್ನು ತೆಗೆದುಕೊಳ್ಳಬಹುದು, ಏನನ್ನು ಬಿಡಬೇಕು

ಮಳೆ ಬಿಟ್ಟು ಮದುವೆಯ ಹಂಗಾಮು ಹತ್ತಿರವಾದರೆ ಸಾಕು, ನನ್ನ ಮೊಬೈಲ್‌ಗೆ ಬ್ಯಾಗುಗಳ ಚಿತ್ರ ಬರತೊಡಗುತ್ತವೆ. ದುಬೈಯಿಂದ ಊರಿಗೆ ಬಂದ ನಾದಿನಿಯ ಕೈಯಲ್ಲಿ ಕಂಡದ್ದು, ಮಂಗಳೂರಿನ ಬೆಂದೂರಿನಲ್ಲಿ ನಡೆದ ರೋಸ್‌ನಲ್ಲಿ (ಕ್ರೈಸ್ತರ ಮದುವೆಗೆ ಮೊದಲಿನ ಸಮಾರಂಭ) ಯಾರೋ ಹಿಡಿದುಕೊಂಡಿದ್ದದ್ದು, ಯಾವುದೋ ನಟಿಯ ಮೊಣಕೈಗೆ ತೂಗುತ್ತಿದ್ದದ್ದು. ಕೆಳಗೆ ಒಂದೇ ಬೇಡಿಕೆ: "ಇದೇ ಥರ ಕ್ರೋಶಾದಲ್ಲಿ ಮಾಡಿಕೊಡಿ. ಆ ಗುರುತೂ ಬರಬೇಕು."

ತಕರಾರು ಇರುವುದು ಆ ಗುರುತಿನಲ್ಲಿಯೇ. ನಾನೂ ಒಮ್ಮೆ ಅದನ್ನು ಹೆಣೆದವಳು. ಕಪ್ಪು ಹುರಿ, ಮೇಲೆ ಡೈಮಂಡ್ ಗೆರೆ, ಚಿನ್ನದ ಬಣ್ಣದ ಸರಪಳಿ, ಮುಚ್ಚಳದ ಮೇಲೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಅಕ್ಷರಗಳು. ಆನ್‌ಲೈನ್ ಮಾರಾಟದ ತಾಣವೊಂದರಲ್ಲಿ ಹಾಕಿದೆ. ಎರಡು ವಾರ ಕಳೆಯುವುದರೊಳಗೆ ಆ ಪುಟ ಮಾಯವಾಯಿತು. ಅದರ ಜೊತೆಗೆ ನನ್ನ ಮಗುವಿನ ಟೋಪಿಗಳು, ಟೇಬಲ್ ಹೊದಿಕೆಗಳು ಇದ್ದ ಇಡೀ ಅಂಗಡಿಗೇ ಬೀಗ ಬಿತ್ತು. ಟೋಪಿ ಮಾಡಿದ ಅಪರಾಧವೇನು ಎಂದು ಕೇಳಲು ಅಲ್ಲಿ ಮನುಷ್ಯರೇ ಸಿಗಲಿಲ್ಲ. ತಪ್ಪು ನನ್ನದೇ ಆಗಿತ್ತು ಎಂಬುದು ಕಾನೂನು ಓದಿದ ಮೇಲೆ ತಿಳಿಯಿತು. ಅಂದು ಕಲಿತದ್ದನ್ನೂ ಆ ಬಳಿಕ ಕಂಡುಕೊಂಡ ಹೆಣಿಗೆಯ ದಾರಿಯನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಕಡ್ಡಿ ಹಿಡಿಯುವ ಮೊದಲು ಕಾಗದ ಹಿಡಿಯಿರಿ

ಮೆಚ್ಚಿದ ಬ್ಯಾಗಿನ ಚಿತ್ರವನ್ನು ಎದುರಿಗಿಟ್ಟುಕೊಂಡು ಅದರಲ್ಲಿ ಕಣ್ಣಿಗೆ ಕಾಣುವುದನ್ನೆಲ್ಲ ಒಂದೊಂದಾಗಿ ಬರೆಯಿರಿ: ಆಕಾರ, ಅಳತೆ, ಹಿಡಿಕೆ, ಮುಚ್ಚಳ, ಬೀಗ, ಬಣ್ಣಗಳ ಜೋಡಿ, ಮೈಮೇಲಿನ ಚಿತ್ತಾರ, ಅಕ್ಷರ. ಆಮೇಲೆ ಪ್ರತಿಯೊಂದರ ಎದುರಿಗೆ ಒಂದು ಪ್ರಶ್ನೆ ಹಾಕಿ: ಇದನ್ನು ಮಾತ್ರ ತೋರಿಸಿದರೆ ಜನ ಕಂಪನಿಯ ಹೆಸರು ಹೇಳುತ್ತಾರೆಯೇ? ಹೇಳುತ್ತಾರೆ ಎಂದಾದರೆ ಅದು ನಿಮ್ಮದಲ್ಲ, ಹೊಡೆದುಹಾಕಿ. ಇಲ್ಲ ಎಂದಾದರೆ ಧಾರಾಳವಾಗಿ ತೆಗೆದುಕೊಳ್ಳಿ.

ಉದಾಹರಣೆಗೆ ಶನೆಲ್ ಕಂಪನಿಯ 2.55 ಬ್ಯಾಗು. 1955ರ ಫೆಬ್ರುವರಿಯಲ್ಲಿ ಬಂದದ್ದರಿಂದ ಅದಕ್ಕೆ ಆ ಹೆಸರು. ಬಟ್ಟೆಯ ಪದರಗಳನ್ನು ಓರೆ ಗೆರೆಯಲ್ಲಿ ಹೊಲಿಯುವುದು ಯಾವ ಕಂಪನಿಯ ಸ್ವತ್ತೂ ಅಲ್ಲ. ಕೌದಿ ಹೊಲಿದ ಅಜ್ಜಿಯರು ಅದನ್ನು ಮೊದಲೇ ಮಾಡಿದ್ದಾರೆ. ಹೆಗಲಿಗೆ ಸರಪಳಿ ಹಾಕುವುದೂ ಹಾಗೆಯೇ. ಆ ಕಂಪನಿಯ ಗುರುತಾದ, ಬೆನ್ನಿಗೆ ಬೆನ್ನು ಕೊಟ್ಟು ಹೆಣೆದುಕೊಂಡ ಎರಡು 'ಸಿ' ಅಕ್ಷರಗಳು ಮಾತ್ರ ಸಂಪೂರ್ಣ ಅವರದು. ಇವೆಲ್ಲವನ್ನೂ ಒಟ್ಟಿಗೆ, ಅದೇ ಅಳತೆಯಲ್ಲಿ, ಅದೇ ಕಪ್ಪು ಮತ್ತು ಚಿನ್ನದ ಬಣ್ಣದಲ್ಲಿ ಕೂರಿಸಿದರೆ ಅಕ್ಷರವಿಲ್ಲದಿದ್ದರೂ ಬ್ಯಾಗು ಕಂಪನಿಯ ಹೆಸರನ್ನೇ ಹೇಳುತ್ತದೆ. ಆದ್ದರಿಂದ ಒಂದೆರಡನ್ನು ಇಟ್ಟುಕೊಂಡು ಉಳಿದದ್ದನ್ನು ಬದಲಿಸಿ.

ಲೂಯಿ ವಿಟಾನ್ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. "ಎಲ್‌ವಿ ಅಕ್ಷರ ಹಾಕಿಲ್ಲ, ಬರೀ ಹೂವು ಹಾಕಿದ್ದೇನೆ" ಎನ್ನುತ್ತಾರೆ. 1896ರಿಂದ ಬಳಕೆಯಲ್ಲಿರುವ ಆ ಕಂಪನಿಯ ಚಿತ್ತಾರದಲ್ಲಿ ಅಕ್ಷರಗಳ ಜೊತೆಗಿರುವ ನಾಲ್ಕು ದಳದ ಹೂವೂ ಗುರುತೇ.

ನಮ್ಮ 1999ರ ಟ್ರೇಡ್‌ಮಾರ್ಕ್ (ವ್ಯಾಪಾರದ ಗುರುತು) ಕಾಯ್ದೆಯ ವ್ಯಾಖ್ಯೆಯಲ್ಲೇ ಸರಕಿನ ಆಕಾರ, ಅದರ ಪೊಟ್ಟಣ, ಬಣ್ಣಗಳ ಸಂಯೋಜನೆ ಎಲ್ಲವೂ ಸೇರಿವೆ. ಹೆಸರು ಮತ್ತು ಲಾಂಛನ ಮಾತ್ರ ಟ್ರೇಡ್‌ಮಾರ್ಕ್ ಎಂದುಕೊಂಡಿದ್ದವರು ಇದನ್ನು ಎರಡು ಸಲ ಓದಬೇಕು. ಎರ್ಮೆಸ್ ಕಂಪನಿಯ ಬರ್ಕಿನ್ ಬ್ಯಾಗಿನ ಆಕಾರವೇ ನೋಂದಾಯಿತ ಗುರುತು: ಆ ಮುಚ್ಚಳ, ಅಡ್ಡ ಪಟ್ಟಿಗಳು, ನಡುವಿನ ಪುಟ್ಟ ಬೀಗ ಒಟ್ಟಾಗಿ ಕೂರುವ ರೀತಿ. ಬೊಟ್ಟೆಗಾ ವೆನೆಟಾದವರು ಚರ್ಮದ ತೆಳು ಪಟ್ಟಿಗಳನ್ನು ಓರೆಯಾಗಿ ಹೆಣೆಯುವ ವಿನ್ಯಾಸವನ್ನೇ ಗುರುತಾಗಿ ನೋಂದಾಯಿಸಲು 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದರು. ಅದು ಚರ್ಮದ ಪಟ್ಟಿಗೆ, ನಿರ್ದಿಷ್ಟ ಅಗಲಕ್ಕೆ, ನಿರ್ದಿಷ್ಟ ಓರೆಗೆ ಸೀಮಿತ; ನಮ್ಮ ಬೆತ್ತದ ಬುಟ್ಟಿ ಹೆಣೆಯುವವರು ಹೆದರಬೇಕಾಗಿಲ್ಲ. ಹೆಣಿಗೆಯೂ ಗುರುತಾಗಬಹುದು ಎಂಬುದು ಮಾತ್ರ ನೆನಪಿನಲ್ಲಿರಲಿ. ನಮಗೆ ಅನುಕೂಲವಾದ ಮಾತೂ ಅದೇ ಕಾಯ್ದೆಯಲ್ಲಿದೆ. ವಸ್ತುವಿನ ಸ್ವಭಾವದಿಂದಲೇ ಬಂದ ಆಕಾರವನ್ನು, ಕೆಲಸಕ್ಕೆ ಬೇಕೇ ಬೇಕಾದ ಆಕಾರವನ್ನು ಯಾರೂ ಗುರುತೆಂದು ನೋಂದಾಯಿಸುವಂತಿಲ್ಲ. ಪೆಟ್ಟಿಗೆಯಂಥ ಚೀಲಕ್ಕೆ ಎರಡು ಹಿಡಿಕೆ ಇಡಲು ಯಾರ ಅಪ್ಪಣೆಯೂ ಬೇಡ.

"ಹುರಿಯಲ್ಲಿ ಹೆಣೆದದ್ದನ್ನು ಅಸಲಿ ಎಂದು ಯಾರು ನಂಬುತ್ತಾರೆ?"

ನನ್ನ ತರಗತಿಯಲ್ಲಿ ಪ್ರತಿ ಸಲವೂ ಏಳುವ ಪ್ರಶ್ನೆ ಇದು. ಯಾರೂ ನಂಬುವುದಿಲ್ಲ, ನಿಜ. ಆದರೆ ಕಾಯ್ದೆಯ 29ನೇ ಕಲಮು ಗಿರಾಕಿಗೆ ಆಗುವ ಗೊಂದಲವನ್ನು ಮಾತ್ರ ನೋಡುವುದಿಲ್ಲ. ಹೆಸರುವಾಸಿಯಾದ ಗುರುತಿನ ಕೀರ್ತಿಯನ್ನು ಸಕಾರಣವಿಲ್ಲದೆ ಬಳಸಿಕೊಂಡು ಲಾಭ ಪಡೆಯುವುದನ್ನೂ, ಆ ಗುರುತಿನ ವಿಶಿಷ್ಟತೆಯನ್ನು ಮಸುಕಾಗಿಸುವುದನ್ನೂ ಅದು ಉಲ್ಲಂಘನೆ ಎನ್ನುತ್ತದೆ. ಬರ್ಕಿನ್ ಬ್ಯಾಗಿಗೆ ತುಪ್ಪಳ ಹೊದಿಸಿದಂಥ ಡಿಜಿಟಲ್ ಚಿತ್ರಗಳನ್ನು ಮಾರಿದ ಕಲಾವಿದನೊಬ್ಬನ ವಿರುದ್ಧ 2023ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಜ್ಯೂರಿ 1,33,000 ಡಾಲರ್ ಪರಿಹಾರ ವಿಧಿಸಿತು. ಅಲ್ಲಿ ಚರ್ಮವೂ ಇರಲಿಲ್ಲ, ಕೈಯಲ್ಲಿ ಹಿಡಿಯುವ ಬ್ಯಾಗೂ ಇರಲಿಲ್ಲ. ಬೇರೆ ದೇಶದ ತೀರ್ಪು ಇಲ್ಲಿ ಕಟ್ಟುವುದಿಲ್ಲವಾದರೂ ಕಂಪನಿಗಳು ಎಲ್ಲಿಯವರೆಗೆ ಹೋಗುತ್ತವೆ ಎಂಬುದು ತಿಳಿಯುತ್ತದೆ.

ನಮ್ಮ ಕರಾವಳಿಯವರಿಗೆ ಹೇಳುವಾಗ ನಾನು ಮಟ್ಟುಗುಳ್ಳವನ್ನು ಮುಂದಿಡುತ್ತೇನೆ. ಉಡುಪಿ ಸಮೀಪದ ಮಟ್ಟು ಗ್ರಾಮದ ಆ ಬದನೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಬೇರೆಲ್ಲೋ ಬೆಳೆದ ದುಂಡು ಬದನೆಯನ್ನು ರಾಶಿ ಹಾಕಿ "ಮಟ್ಟುಗುಳ್ಳ" ಎಂದು ಮಾರುವವನನ್ನು ಕಂಡರೆ ನಮಗೆ ಸಿಟ್ಟು ಬರುತ್ತದೆ. ದುಂಡು ಬದನೆ ಮಾರುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಆ ಹೆಸರು ಕಟ್ಟಿ ಮಾರುವುದಕ್ಕೆ ಇದೆ. ಭೌಗೋಳಿಕ ಸೂಚಕ ಬೇರೆ ಕಾಯ್ದೆಯದ್ದು, ಊರಿಗೆ ಸೇರಿದ್ದು; ಟ್ರೇಡ್‌ಮಾರ್ಕ್ ಒಬ್ಬ ಮಾಲೀಕನದ್ದು. ಸಿಟ್ಟು ಬರುವ ಕಾರಣ ಮಾತ್ರ ಒಂದೇ. 2025ರಲ್ಲಿ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಕೊಲ್ಹಾಪುರಿಯಂಥ ಚಪ್ಪಲಿಯನ್ನು ಮೂಲದ ಹೆಸರೆತ್ತದೆ ತೋರಿಸಿದಾಗ ಇಲ್ಲಿ ಎಷ್ಟು ಗದ್ದಲವಾಯಿತು! ದೊಡ್ಡವರೂ ನಕಲು ಮಾಡುತ್ತಾರೆ ಎಂಬುದು ನಮ್ಮ ನಕಲಿಗೆ ಪರವಾನಗಿ ಆಗುವುದಿಲ್ಲವಾದರೂ, ಆ ವಾರ ನನಗೆ ಒಂದು ಬಗೆಯ ಸಮಾಧಾನವಾದದ್ದು ಸುಳ್ಳಲ್ಲ.

ತಮಾಷೆಗೆ ಮಾಡಿದೆ ಎಂಬ ವಾದವೂ ಇದೆ. ಮಣಿಪಾಲದ ವಿದ್ಯಾರ್ಥಿಯೊಬ್ಬ "ಲೂಯಿ ಉಡುಪಿಟಾನ್" ಎಂದು ಹೆಣೆದುಕೊಡಿ ಎಂದ. ನಕ್ಕೆ, ಹೆಣೆಯಲಿಲ್ಲ. ಅಮೆರಿಕದಲ್ಲಿ 2007ರಲ್ಲಿ ನಾಯಿ ಅಗಿಯುವ ಆಟಿಕೆ ಮಾಡಿದವರು ಲೂಯಿ ವಿಟಾನ್ ವಿರುದ್ಧ ಇದೇ ವಾದದಿಂದ ಗೆದ್ದಿದ್ದರು. ನಮ್ಮ ಕಾಯ್ದೆಯಲ್ಲಿ ಅಣಕಕ್ಕೆಂದು ಬರೆದಿಟ್ಟ ವಿನಾಯಿತಿ ಇಲ್ಲ. ನ್ಯಾಯಾಲಯದಲ್ಲಿ ನಿಂತು ನಗೆಹನಿ ವಿವರಿಸುವ ಖರ್ಚು ನಮ್ಮಂಥವರಿಗೆ ಹೊರಲಾಗದು.

ನಿಮಗಾಗಿಯೇ ಒಂದು ಹೆಣೆದುಕೊಂಡರೆ? ಕಾಯ್ದೆ ಹೇಳುವುದು ವ್ಯಾಪಾರದ ಸಂದರ್ಭದಲ್ಲಿ ಬಳಸಿದರೆ ಎಂದು. ಮನೆಯ ಕಪಾಟಿನಲ್ಲಿರುವ, ನೀವೇ ಹೆಗಲಿಗೆ ಹಾಕಿಕೊಳ್ಳುವ ಒಂದು ಬ್ಯಾಗು ವ್ಯಾಪಾರವಲ್ಲ. ಗೆಳತಿಯೊಬ್ಬಳು ಹಣ ಕೊಟ್ಟು ಮಾಡಿಸಿಕೊಂಡ ಕ್ಷಣ ಅದು ವ್ಯಾಪಾರವಾಗುತ್ತದೆ, "ನೂಲಿನ ಖರ್ಚು ಮಾತ್ರ ತೆಗೆದುಕೊಂಡೆ" ಎಂದರೂ.

ಈಗ ಹೆಣಿಗೆ: ಹೆಂಚಿನ ಬ್ಯಾಗು

ಕಾಗದದಲ್ಲಿ ಹೊಡೆದುಹಾಕಿದ ಜಾಗ ಖಾಲಿ ಉಳಿಯುತ್ತದಲ್ಲ, ಅಲ್ಲಿ ನಿಮ್ಮದನ್ನು ತುಂಬಬೇಕು. ಉಡುಪಿಯಲ್ಲಿ ನೆಂಟರ ಹಳೆಯ ಮನೆಯ ಮಾಡು (ಚಾವಣಿ) ಇಳಿಸುವಾಗ ನಾನು ಒಂದು ಹೆಂಚು ತಂದಿಟ್ಟುಕೊಂಡೆ. ಮಗುಚಿ ನೋಡಿದರೆ ಕಾರ್ಖಾನೆಯ ಹೆಸರು, ಚಿಹ್ನೆ ಎರಡೂ ಉಬ್ಬಿ ನಿಂತಿದ್ದವು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಬೇರೆ ಬೇರೆಯವರೂ ಅದೇ ಹೆಂಚು ಮಾಡತೊಡಗಿದರು. ಯಾರದು ಯಾವುದೆಂದು ತಿಳಿಯಲು ಒಬ್ಬೊಬ್ಬರದು ಒಂದೊಂದು ಮುದ್ರೆ. ಹೆಂಚಿನ ಆಕಾರ ಎಲ್ಲರದು, ಬೆನ್ನ ಮೇಲಿನ ಮುದ್ರೆ ಒಬ್ಬರದು. ನಾನು ಮಾಡಿನ ಸಾಲನ್ನು ಬ್ಯಾಗಿಗೆ ತಂದೆ, ಮುದ್ರೆಯನ್ನು ಹೆಂಚಿನಲ್ಲೇ ಬಿಟ್ಟೆ.

ಬೇಕಾಗುವುದು: 3 ಮಿಲಿಮೀಟರ್ ದಪ್ಪದ ಹುರಿ, ಇಟ್ಟಿಗೆ ಬಣ್ಣದ್ದು ಸುಮಾರು 350 ಗ್ರಾಂ, ಗಾಢ ಕಂದು ಸುಮಾರು 150 ಗ್ರಾಂ, 4.5 ಮಿಲಿಮೀಟರಿನ ಕಡ್ಡಿ, ಜೊತೆಗೆ 5ರದ್ದೂ ಒಂದು. ಅಸ್ತರಿಗೆ ಮುಕ್ಕಾಲು ಮೀಟರ್ ಹತ್ತಿ ಬಟ್ಟೆ. ಹಿಡಿಕೆಯೊಳಗೆ ಸೇರಿಸಲು ನವಾರು. ಹತ್ತಿ ಹುರಿ ಕೈಗೆ ಹಿತ, ಆದರೆ ಬಣ್ಣ ಬಿಡುತ್ತದೆ. ತುಂಡೊಂದನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಸುತ್ತಿ ಒಂದು ರಾತ್ರಿ ಇಡಿ. ಇಟ್ಟಿಗೆ ಬಣ್ಣ ಗಿರಾಕಿಯ ರೇಷ್ಮೆ ಸೀರೆಗೆ ಹತ್ತುವುದಕ್ಕಿಂತ ನಿಮ್ಮ ಚಿಂದಿ ಬಟ್ಟೆಗೆ ಹತ್ತುವುದು ಒಳ್ಳೆಯದು.

ಒಂದು ಎಚ್ಚರಿಕೆ. ಇಲ್ಲಿ ಸಿಂಗಲ್ ಕ್ರೋಶಾ ಎಂದರೆ ಅಮೆರಿಕದ ಲೆಕ್ಕ. ಕಾನ್ವೆಂಟಿನಲ್ಲಿ ಸಿಸ್ಟರುಗಳಿಂದ ಕಲಿತ ನನ್ನ ತಾಯಿಯಂಥವರಿಗೆ ಇದೇ ಹೊಲಿಗೆ ಬ್ರಿಟಿಷ್ ಲೆಕ್ಕದಲ್ಲಿ ಡಬಲ್ ಕ್ರೋಶಾ. ತಾಯಿ ಮಗಳು ಒಂದೇ ನಮೂನೆ ಹಿಡಿದು ಎರಡು ಅಳತೆಯ ಬ್ಯಾಗು ಹೆಣೆದ ಕಥೆ ನಮ್ಮ ಮನೆಯಲ್ಲಿಯೇ ಇದೆ.

ಮೊದಲು 10 ಸೆಂಟಿಮೀಟರ್ ಚೌಕದ ಮಾದರಿ ತುಂಡು. ನನ್ನ ಕೈಗೆ ಅದರ ಅಗಲದಲ್ಲಿ 14 ಹೊಲಿಗೆ ಬರುತ್ತವೆ. ನಿಮಗೆ 16 ಬಂದರೆ ಕಡ್ಡಿ ದಪ್ಪ ಮಾಡಿ, ಲೆಕ್ಕ ಬದಲಿಸಬೇಡಿ.

ತಳ ಮೊಟ್ಟೆಯಾಕಾರದ್ದು. 22 ಸರಪಳಿ ಹೊಲಿಗೆ ಹಾಕಿ. ಕಡ್ಡಿಯಿಂದ ಎರಡನೆಯ ಸರಪಳಿಯಿಂದ ಶುರುಮಾಡಿ 20 ಸಿಂಗಲ್ ಕ್ರೋಶಾ, ಕೊನೆಯ ಸರಪಳಿಯಲ್ಲಿ 3, ತಿರುಗಿಸಿ ಇನ್ನೊಂದು ಬದಿಯಲ್ಲಿ 19, ಶುರುಮಾಡಿದ ಸರಪಳಿಯಲ್ಲಿ ಮತ್ತೆ 2. ಒಟ್ಟು 44. ಮುಂದಿನ ಪ್ರತಿ ಸುತ್ತಿನಲ್ಲಿಯೂ ಎರಡೂ ತುದಿಗಳ ತಿರುವಿನಲ್ಲಿ ಮೂರು ಮೂರು ಹೆಚ್ಚಿಸುತ್ತಾ ಹೋದರೆ 50, 56, 62, 68, 74, ಏಳನೆಯ ಸುತ್ತಿಗೆ 80. ಹೆಚ್ಚಿಸುವ ಜಾಗವನ್ನು ಪ್ರತಿ ಸುತ್ತಿಗೂ ಸ್ವಲ್ಪ ಸರಿಸಿ. ಒಂದೇ ಕಡೆ ಹೆಚ್ಚಿಸಿದರೆ ತುದಿ ದುಂಡಾಗದೆ ಮೂಲೆ ಎದ್ದು ನಿಲ್ಲುತ್ತದೆ. ತಳ ದೋಸೆಯಂತೆ ಚಪ್ಪಟೆ ಕೂರಬೇಕು. ಬಟ್ಟಲಾಗುತ್ತಿದ್ದರೆ ನಿಮ್ಮ ಕೈ ಬಿಗಿ ಎಂದು ಅರ್ಥ.

ಎಂಟನೆಯ ಸುತ್ತನ್ನು ಹೊಲಿಗೆಯ ಹಿಂದಿನ ಕುಣಿಕೆಯಲ್ಲಿ ಮಾತ್ರ ಹೆಣೆಯಿರಿ. ಅಲ್ಲಿಗೆ ಅಂಚು ಮಡಚಿ ಗೋಡೆ ಏಳುತ್ತದೆ. ಇನ್ನು ಮೇಲೆ ಹೆಚ್ಚಿಸುವುದಿಲ್ಲ, ಪ್ರತಿ ಸುತ್ತೂ 80.

ಗೋಡೆಯಲ್ಲಿ ಹೆಂಚಿನ ಸಾಲು. ಮೊದಲ ಆರು ಸುತ್ತುಗಳಲ್ಲಿ 9 ಹೊಲಿಗೆ ಇಟ್ಟಿಗೆ ಬಣ್ಣ, 1 ಕಂದು, ಪ್ರತಿ ಸುತ್ತಿಗೂ ಇದೇ ಎಂಟು ಸಲ. ಏಳನೆಯ ಸುತ್ತು ಪೂರ್ತಿ ಕಂದು. ಎರಡನೆಯ ಸಾಲಿನಲ್ಲಿ ಮಾಡಿನ ಮೇಲಿದ್ದಂತೆ ಅರ್ಧ ಹೆಂಚು ಸರಿಯಬೇಕು: 4 ಇಟ್ಟಿಗೆ, 1 ಕಂದು, ಆಮೇಲೆ 9 ಮತ್ತು 1 ಏಳು ಸಲ, ಕೊನೆಗೆ 5 ಇಟ್ಟಿಗೆ. ಕೂಡಿಸಿ ನೋಡಿ, 80. ಇಂಥ ನಾಲ್ಕು ಸಾಲುಗಳಿಗೆ 28 ಸುತ್ತು, ಎತ್ತರ ಸುಮಾರು 20 ಸೆಂಟಿಮೀಟರ್. ಬಳಸದ ಬಣ್ಣದ ಹುರಿಯನ್ನು ಹೊಲಿಗೆಗಳ ಒಳಗೇ ಅಡಗಿಸಿಕೊಂಡು ಸಾಗಿ. ಬಣ್ಣ ಬದಲಿಸುವುದು ಹೊಸ ಹೊಲಿಗೆಯ ಆರಂಭದಲ್ಲಲ್ಲ, ಹಿಂದಿನ ಹೊಲಿಗೆಯ ಕೊನೆಯ ಎಳೆತದಲ್ಲಿ: ಕಡ್ಡಿಯ ಮೇಲೆ ಎರಡು ಕುಣಿಕೆ ಉಳಿದಾಗ ಹೊಸ ಬಣ್ಣವನ್ನು ಎಳೆದು ಮುಗಿಸಿ. ಇದೊಂದು ತಪ್ಪಿದರೆ ಗೆರೆಯ ಬದಿಯಲ್ಲೆಲ್ಲ ಬೇರೆ ಬಣ್ಣದ ಚುಕ್ಕೆ ಇಣುಕುತ್ತದೆ.

ಇನ್ನೊಂದು ಕಾಟವಿದೆ. ಸುತ್ತು ಸುತ್ತಾಗಿ ಹೆಣೆಯುವಾಗ ಸಿಂಗಲ್ ಕ್ರೋಶಾ ಹೊಲಿಗೆಗಳು ಬಲಕ್ಕೆ ವಾಲುತ್ತವೆ. ನೇರ ಕಂದು ಗೆರೆ ಮೇಲೇರುತ್ತಾ ಗಾಳಿಗೆ ಬಾಗಿದ ತೆಂಗಿನಂತೆ ಕಾಣುತ್ತದೆ. ಕಡ್ಡಿಯನ್ನು ಹೊಲಿಗೆಯ ನೆತ್ತಿಗೆ ಹಾಕದೆ, ಕೆಳಗಿನ ಎರಡು ಕಾಲುಗಳ ನಡುವೆ ತೂರಿಸಿ ಹೆಣೆದರೆ ಗೆರೆ ನೆಟ್ಟಗಾಗುತ್ತದೆ. ಹೆಣಿಗೆ ಬಿಗಿಯಾಗುವುದರಿಂದ ಗೋಡೆಗೆ 5ರ ಕಡ್ಡಿ ಹಿಡಿಯಿರಿ. ಕೈ ನೋಯುತ್ತದೆ, ಒಪ್ಪುತ್ತೇನೆ. ಬ್ಯಾಗು ಮಾತ್ರ ತಾನೇ ನಿಲ್ಲುತ್ತದೆ.

ಹಿಡಿಕೆಯೊಳಗೆ ನವಾರು ಸೇರಿಸಿ ಮೇಲಿಂದ ಹೆಣೆದು ಮುಚ್ಚಿ. ಬರೀ ಹುರಿಯ ಹಿಡಿಕೆ ಎರಡೇ ತಿಂಗಳಲ್ಲಿ ಜೋಲುತ್ತದೆ. ಅಸ್ತರು ಕೈಹೊಲಿಗೆಯಲ್ಲಿ. ಕೊಂಡಿ, ಬಕಲ್ ಕೊಳ್ಳುವಾಗ ಅಗ್ಗದ ಕಬ್ಬಿಣದ್ದು ಬೇಡ, ಮಲ್ಪೆಯ ಉಪ್ಪುಗಾಳಿ ಅದನ್ನು ಒಂದೇ ಮಳೆಗಾಲದಲ್ಲಿ ತಿನ್ನುತ್ತದೆ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಅವುಗಳ ಮೇಲೆ ಯಾವ ಕಂಪನಿಯ ಅಕ್ಷರವೂ ಇರಬಾರದು. ಹಳೆಯ ಅಸಲಿ ಬ್ಯಾಗಿನಿಂದ ಕಿತ್ತ ಬಕಲ್ ಅಸಲಿಯೇ ಆದರೂ ನಿಮ್ಮ ಬ್ಯಾಗಿನ ಮೇಲೆ ಕೂತಾಗ ಸುಳ್ಳು ಹೇಳುತ್ತದೆ.

ಮಾರುವಾಗ ಬಾಯಿ ಹಿಡಿತದಲ್ಲಿರಲಿ

ಬ್ಯಾಗು ಪೂರ್ತಿ ನಿಮ್ಮದಾಗಿದ್ದರೂ ಶೀರ್ಷಿಕೆ ಕೆಡಿಸಬಹುದು. "ಶನೆಲ್ ಮಾದರಿ", "ಡಿಯೊರ್ ಪ್ರೇರಿತ", "ಫಸ್ಟ್ ಕಾಪಿ" ಎಂದು ಬರೆದರೆ, ಹುಡುಕುವವರಿಗೆ ಸಿಗಲಿ ಎಂದು ಕಂಪನಿಯ ಹೆಸರಿನ ಹ್ಯಾಷ್‌ಟ್ಯಾಗ್ ಹಾಕಿದರೆ, ಬೇರೊಬ್ಬರ ಗುರುತನ್ನು ಜಾಹೀರಾತಿಗೆ ಬಳಸಿದಂತೆ. "ಈ ಬ್ಯಾಗಿಗೂ ಆ ಕಂಪನಿಗೂ ಸಂಬಂಧವಿಲ್ಲ" ಎಂಬ ಅಡಿಬರಹ ರಕ್ಷಿಸುವುದಿಲ್ಲ. ಅದು ನಿಮಗೆ ವಿಷಯ ಗೊತ್ತಿತ್ತು ಎಂಬುದಕ್ಕೆ ನೀವೇ ಕೊಟ್ಟ ಸಾಕ್ಷಿ. ಬಣ್ಣ, ಅಳತೆ, ನೂಲು, ಊರು ಬರೆಯಿರಿ. ನಮೂನೆಯನ್ನು ಮಾತ್ರ ಬರೆದು ಮಾರುವವರಿಗೂ ಇದೇ ಮಾತು. ಇನ್ನೊಬ್ಬರ ನಮೂನೆ ಕೊಂಡು ಹೆಣೆಯುವವರು ಅದರ ಬರಹವನ್ನೂ ಚಿತ್ರಗಳನ್ನೂ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚಬೇಡಿ, ಅದು ಕೃತಿಸ್ವಾಮ್ಯದ ಪ್ರಶ್ನೆ. ಹೊಲಿಗೆಗಳ ಮೇಲೆ ಯಾರ ಸ್ವಾಮ್ಯವೂ ಇಲ್ಲ.

ಹೆದರಿಸಲು ಹೇಳುತ್ತಿಲ್ಲ, ಆದರೆ ಗೊತ್ತಿರಲಿ: ಸುಳ್ಳು ಟ್ರೇಡ್‌ಮಾರ್ಕ್ ಹಚ್ಚುವುದು, ಅಂಥ ಸರಕನ್ನು ಮಾರುವುದು ಅಪರಾಧ. ಕಾಯ್ದೆಯ 103 ಮತ್ತು 104ನೇ ಕಲಮುಗಳಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಎಂದಿದೆ.

ವಕೀಲರ ನೋಟಿಸು ಬಂದರೆ ಮೊದಲ ಕೆಲಸ ಆ ಸರಕನ್ನು ಮಾರಾಟದಿಂದ ತೆಗೆಯುವುದು. ಎರಡನೆಯದು, ಏನನ್ನೂ ಅಳಿಸದೆ ಆರ್ಡರುಗಳ ಲೆಕ್ಕವನ್ನೂ ಮಾತುಕತೆಯನ್ನೂ ಜೋಪಾನ ಮಾಡುವುದು. ರಾತ್ರಿ ಹನ್ನೊಂದಕ್ಕೆ ಕಣ್ಣೀರಿನ ಇಮೇಲ್ ಬರೆಯಬೇಡಿ. ಮುಚ್ಚಳಿಕೆಗೆ ಓದದೆ ಸಹಿ ಹಾಕಬೇಡಿ. ವಕೀಲರಿಗೆ ಕೊಡಲು ಹಣವಿಲ್ಲದ ಮಹಿಳೆಯರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಮಂಗಳೂರಿನಲ್ಲೂ ಉಡುಪಿಯಲ್ಲೂ ಇದೆ. 1987ರ ಕಾಯ್ದೆಯ ಪ್ರಕಾರ ಆದಾಯ ಎಷ್ಟೇ ಇದ್ದರೂ ಮಹಿಳೆಯರು ಉಚಿತ ಕಾನೂನು ನೆರವಿಗೆ ಅರ್ಹರು. ಇದನ್ನು ತಿಳಿಯದೆ ಬಂಗಾರ ಅಡವಿಟ್ಟವರನ್ನು ನಾನು ಬಲ್ಲೆ.

ನಿಮ್ಮ ಮುದ್ರೆ

ಅಸ್ತರಿನ ಒಳಗೆ ನಿಮ್ಮ ಹೆಸರಿನ ಪಟ್ಟಿ ಹೊಲಿಯಿರಿ. ಹೆಸರು ಇಡುವ ಮೊದಲು ಟ್ರೇಡ್‌ಮಾರ್ಕ್ ನೋಂದಣಿಯ ಸರ್ಕಾರಿ ಜಾಲತಾಣದಲ್ಲಿ ಸಾರ್ವಜನಿಕ ಹುಡುಕಾಟ ಮಾಡಿ, ಉಚಿತ. ಕೈಚೀಲಗಳು 18ನೇ ವರ್ಗ. ಅದೇ ಹುಡುಕಾಟದಲ್ಲಿ ದೊಡ್ಡ ಕಂಪನಿಗಳು ಏನೇನನ್ನು ನೋಂದಾಯಿಸಿವೆ ಎಂಬುದೂ ಕಾಣುತ್ತದೆ. ಒಂದು ಮಧ್ಯಾಹ್ನ ಕೂತು ನೋಡಿದರೆ ನಾನು ಇಲ್ಲಿ ಬರೆದದ್ದಕ್ಕಿಂತ ಹೆಚ್ಚು ಕಲಿಯುತ್ತೀರಿ. ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ. ಕರ್ನಾಟಕದ ಅರ್ಜಿಗಳನ್ನು ನೋಡುವುದು ಚೆನ್ನೈ ಕಚೇರಿ. ನೋಂದಣಿಯ ಅವಧಿ ಹತ್ತು ವರ್ಷ, ಆಮೇಲೆ ನವೀಕರಿಸಬಹುದು. ನೋಂದಣಿಯಾಗುವವರೆಗೆ ಹೆಸರಿನ ಪಕ್ಕ 'ಟಿಎಂ' ಎಂದು ಹಾಕಬಹುದು, ವೃತ್ತದೊಳಗಿನ 'ಆರ್' ಹಾಕುವಂತಿಲ್ಲ.

ಗಿರಾಕಿಗೆ ಕೊಡುವಾಗ ಒಂದು ಚೀಟಿ ಇಡುತ್ತೇನೆ: ಆಟಿ ತಿಂಗಳಲ್ಲಿ (ತುಳುವರ ಮಳೆಗಾಲದ ತಿಂಗಳು) ಬ್ಯಾಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಬೂಷ್ಟು ಹಿಡಿಯುತ್ತದೆ. ಹಳೆಯ ತಲೆದಿಂಬಿನ ಹೊದಿಕೆಯಲ್ಲಿ ಹಾಕಿ ಕಪಾಟಿನ ಮೇಲಿನ ಹಲಗೆಯಲ್ಲಿಡಿ. ಮಳೆ ನಿಂತು ಬಿಸಿಲು ಕಂಡ ದಿನ ಅಸ್ತರನ್ನು ಹೊರಗೆಳೆದು ಒಂದು ಗಂಟೆ ನೆರಳಿನಲ್ಲಿ ಗಾಳಿಗೆ ಹಿಡಿಯಿರಿ.